20 ಶಿಲ್ಲಿಂಗಿನ ಹಟ

17ನೇ ಶತಮಾನದ ಇಂಗ್ಲೆಂಡಿನ ಜಾನ್ ಹ್ಯಾಂಪ್ಡನ್ ರಾಜನಿಗೆ ಕಟ್ಟಬೇಕಾಗಿದ್ದ ತೆರಿಗೆ ಬರೀ 20 ಶಿಲ್ಲಿಂಗ್, ಅಂದರೆ ಒಂದು ಪೌಂಡ್. ಬಕಿಂಗ್‌ಹ್ಯಾಮ್‌ಶೈರ್‌ನ ದೊಡ್ಡ ಜಮೀನ್ದಾರ, ಪಾರ್ಲಿಮೆಂಟ್ ಸದಸ್ಯ. ಅವನಿಗೆ ಅದೊಂದು ಲೆಕ್ಕವೇ ಅಲ್ಲ. ಆದರೂ ಕಟ್ಟಲಿಲ್ಲ. ನಮ್ಮ ಕಾಸರಗೋಡು ಕಡೆ ತೀರ್ವೆ ಬಾಕಿ ಇಡುವವರಿಗೆ ಒಂದೋ ಕೈಯಲ್ಲಿ ಕಾಸಿರುವುದಿಲ್ಲ, ಇಲ್ಲವೇ ವಿಲೇಜ್ ಆಫೀಸಿಗೆ ಹೋಗಲು ಉದಾಸೀನ. ಈತ ಬೇಕಂತಲೇ ಬಾಕಿ ಇಟ್ಟವನು. 1627ರಲ್ಲೇ, ರಾಜ ಒತ್ತಾಯದಿಂದ ಎತ್ತುತ್ತಿದ್ದ ಸಾಲ ಕೊಡಲ್ಲ ಎಂದು ಜೈಲಿಗೂ ಹೋಗಿದ್ದ.

ಯುದ್ಧ ಬಂದಾಗ ಕಡಲ ಬದಿಯ ಊರುಗಳು ರಾಜನಿಗೆ ಹಡಗು ಕೊಡಬೇಕು, ಇಲ್ಲಾಂದ್ರೆ ದುಡ್ಡು. ಅದು ಅಲ್ಲಿನ ಹಳೇ ರೂಢಿ. ರಾಜ 1ನೇ ಚಾರ್ಲ್ಸ್ 1629ರಿಂದ ಪಾರ್ಲಿಮೆಂಟನ್ನೇ ಕರೆದಿರಲಿಲ್ಲ, ಅದು ಒಪ್ಪದೆ ಹೊಸ ತೆರಿಗೆ ಹಾಕುವ ಹಾಗೂ ಇರಲಿಲ್ಲ, ಹಾಗಾಗಿ 1634ರಲ್ಲಿ ಈ ಹಡಗಿನ ದುಡ್ಡನ್ನು ಎತ್ತಲು ಹೊರಟು ಮರುವರ್ಷ ಒಳನಾಡಿಗೂ ಹಾಕಿದ. ಕುಂಬಳೆ ಕಡಪ್ಪುರದ (ಕಡಲ ತೀರದ) ಲೆಕ್ಕವನ್ನು ಒಳನಾಡಿನ ಮುಳ್ಳೇರಿಯದ ಅಡಕೆ ತೋಟದವರ ಹತ್ರ ಕೇಳಿದ ಹಾಗೆ!

ಹ್ಯಾಂಪ್ಡನ್ ಕಟ್ಟದೆ ಬಿಟ್ಟ ಈ ದುಡ್ಡಿನ ಕೇಸು 1637ರಲ್ಲಿ 12 ನ್ಯಾಯಾಧೀಶರ ಮುಂದೆ ಬಂತು. 7 ಜನ ರಾಜನ ಕಡೆ, 5 ಜನ ಹ್ಯಾಂಪ್ಡನ್ ಕಡೆ. ಸೋತ. ಆದರೆ ರಾಜನೇ ನೇಮಿಸಿದವರಲ್ಲಿ ಐದು ಜನ ಒಪ್ಪಲಿಲ್ಲ ಅಂದರೆ ಸುಮ್ನೆ ಅಲ್ಲ. ಆಮೇಲೆ ವಸೂಲಿ ಕುಸಿಯಿತು. 1641ರಲ್ಲಿ ಪಾರ್ಲಿಮೆಂಟ್ ಆ ತೆರಿಗೆಯೇ ಕಾನೂನುಬಾಹಿರ ಎಂದಿತು. 1642ರ ಜನವರಿಯಲ್ಲಿ ರಾಜ ಸೈನಿಕರ ಜೊತೆ ಸಭೆಗೇ ಬಂದು ಹಿಡಿಯಲು ನೋಡಿದ ಐವರಲ್ಲಿ ಇವನೂ ಒಬ್ಬ. ಅಷ್ಟರಲ್ಲಿ ಐವರೂ ಜಾಗ ಖಾಲಿ ಮಾಡಿದ್ದರು.

ಇವನನ್ನು ಹೊಗಳುವಾಗ ನನಗೆ ಸ್ವಲ್ಪ ತಡೆಯುತ್ತದೆ. ಕಟ್ಟುವ ತಾಕತ್ತಿದ್ದವನ ಹಟ ಅದು. ಮಂಜೇಶ್ವರ, ಕುಂಬಳೆ ಎಲ್ಲ ಕೆನರಾ ಜಿಲ್ಲೆಯಲ್ಲಿದ್ದಾಗ, 1830-31ರಲ್ಲಿ, ಆ ಜಿಲ್ಲೆಯ ರೈತರು ಕೂಟ ಕಟ್ಟಿ ಕಂದಾಯ ಕೊಡಲ್ಲ ಎಂದರಲ್ವಾ, ಅವರಿಗೆ ವಾದ ಮಾಡಲು ಲಂಡನ್ನಿನ ವಕೀಲರಿರಲಿಲ್ಲ. ಆದರೆ ಹ್ಯಾಂಪ್ಡನ್ ಹಟಕ್ಕೆ ಜೀವವನ್ನೂ ಕೊಟ್ಟ, ಅದನ್ನು ಮರೆಯುವ ಹಾಗಿಲ್ಲ. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವೇ ಆಗಿ, ಪಾರ್ಲಿಮೆಂಟ್ ಕಡೆ ನಿಂತವನು 1643ರ ಜೂನ್ 18ರಂದು ಚಾಲ್‌ಗ್ರೋವ್‌ನಲ್ಲಿ ರಾಜನ ಸೇನೆಯ ಎದುರು ಗಾಯಗೊಂಡು ಆರು ದಿನಕ್ಕೆ ತೀರಿಕೊಂಡ.

ತಮಾಷೆ ಏನೆಂದರೆ, ಆ ಯುದ್ಧಕ್ಕಾಗಿ ಪಾರ್ಲಿಮೆಂಟ್ ಎತ್ತಿದ ತೆರಿಗೆ ಹಡಗಿನ ದುಡ್ಡಿಗಿಂತ ಎಷ್ಟೋ ಜಾಸ್ತಿ. ಅದರ ಬಗ್ಗೆ ಹ್ಯಾಂಪ್ಡನ್ ಕೋರ್ಟಿಗೆ ಹೋಗಲಿಲ್ಲ.