ಕಾಮ್ ಲೊ ತೋಟದಲ್ಲಿ ಒಂದು ಗುಂಡಿ

ವಿಯೆಟ್ನಾಂಗೆ ಹೋಗಿ ಬಂದ ಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ. ದೊಡ್ಡ ಕೈಗಳು ಎತ್ತಿ ಹಿಡಿದಿರುವ ಆ ಸೇತುವೆ ನೋಡಿದ್ರಾ? ನೋಡಿದೆವು. ಸೇತುವೆಗಿಂತ ಫೋನುಗಳೇ ಜಾಸ್ತಿ ಕಂಡವು. ಹಾಲಾಂಗ್‌ನ ದೋಣಿ, ಹೋಯಿ ಆನ್‌ನ ಲಾಟೀನುಗಳು, ಅದೂ ಆಯಿತು. ನನಗೆ ಬರೆಯಬೇಕು ಅನಿಸಿದ್ದು ದೇಶದ ನಡುಭಾಗದ ಕ್ವಾಂಗ್ ಟ್ರಿ ಪ್ರಾಂತ್ಯದಲ್ಲಿ ಕಳೆದ ಒಂದು ದಿನದ ಬಗ್ಗೆ. ಅದು ಸಿಕ್ಕಿದ್ದೂ ನಮಗೆ ಟೋಪಿ ಬಿದ್ದದ್ದರಿಂದ.

ಹುಯೆಯಲ್ಲಿ ಒಬ್ಬ ಟೂರಿನವನಿಗೆ ದುಡ್ಡು ಕಟ್ಟಿದ್ದೆವು. ಚೀಟಿಯಲ್ಲಿ ಐದು ಜಾಗ ಬರೆದಿದ್ದ, ತೋರಿಸಿದ್ದು ಮೂರು. ಊಟದ ಹೋಟೆಲಿನಲ್ಲಿ ಒಂದೂವರೆ ಗಂಟೆ, ವಿನ್ ಮಾಕ್ ಸುರಂಗದಲ್ಲಿ ಇಪ್ಪತ್ತೇ ನಿಮಿಷ! ಬಾಂಬಿಗೆ ಹೆದರಿ ಇಡೀ ಊರು ನೆಲದೊಳಗೆ ಇಳಿದು ವರ್ಷಗಟ್ಟಲೆ ಬದುಕಿದ ಜಾಗ ಅದು. 17 ಮಕ್ಕಳು ಅಲ್ಲೇ ಹುಟ್ಟಿದವು. ಹೆರಿಗೆ ಕೋಣೆ ಎಂದು ತೋರಿಸಿದ ಗೂಡು ಶಿರಸಿಯ ನಮ್ಮ ಮನೆಯ ಕೋಳಿಗೂಡಿನಷ್ಟೂ ಇರಲಿಲ್ಲ. ನೋಡುತ್ತಾ ನಿಂತರೆ ಹಿಂದಿನಿಂದ ಸೀಟಿ. ಅಲ್ಲಿಗೆ ಹೋಗುವವರು ದಯವಿಟ್ಟು ಹುಯೆಯಿಂದ ಬಸ್ಸು ಹತ್ತಬೇಡಿ. ಡಾಂಗ್ ಹಾದಲ್ಲಿ ಒಂದು ರಾತ್ರಿ ಉಳಿದು ಕಾರು ಮಾಡಿಕೊಳ್ಳಿ. ನಮ್ಮ ಹಾಗೆ ಸಸ್ಯಾಹಾರಿಗಳಾದರೆ ‘ಚಾಯ್’ ಎಂಬ ಪದ ಕಲಿತಿರಿ. ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ.

ನಾವೂ ಹಾಗೇ ಮಾಡಿದೆವು. ಬಸ್ಸಿಂದ ಡಾಂಗ್ ಹಾದಲ್ಲೇ ಇಳಿದುಬಿಟ್ಟೆವು. ಮಾರನೇ ದಿನ ಲಾಡ್ಜಿನವಳು ಒಬ್ಬ ಡ್ರೈವರ್‌ನನ್ನು ಗೊತ್ತು ಮಾಡಿಕೊಟ್ಟಳು. ಐವತ್ತು ದಾಟಿದವನು. ಅವನ ಇಂಗ್ಲಿಷು ಅರ್ಧ, ಉಳಿದರ್ಧ ಫೋನಿನ ಅನುವಾದ.

ಮೊದಲು ಬೆನ್ ಹಾಯ್ ನದಿಯ ಹಿಯೆನ್ ಲುವಾಂಗ್ ಸೇತುವೆ. 1954ರಲ್ಲಿ ಜಿನೀವಾ ಒಪ್ಪಂದವಾದಾಗ ದೇಶವನ್ನು ಇಲ್ಲೇ ಎರಡು ಮಾಡಿದ್ದು. ಎರಡೇ ವರ್ಷ, 1956ರಲ್ಲಿ ಚುನಾವಣೆ, ಆಮೇಲೆ ಮತ್ತೆ ಒಂದು ಎಂಬ ಮಾತಾಗಿತ್ತು. ಚುನಾವಣೆ ನಡೆಯಲೇ ಇಲ್ಲ. ಉತ್ತರಕ್ಕೂ ಅಮೆರಿಕದ ಬೆಂಬಲವಿದ್ದ ದಕ್ಷಿಣಕ್ಕೂ ಯುದ್ಧವಾಯಿತು, ಗೆದ್ದದ್ದು ಉತ್ತರ. ಸೇತುವೆಯ ಅರ್ಧಕ್ಕೆ ನೀಲಿ ಬಣ್ಣ, ಇನ್ನರ್ಧಕ್ಕೆ ಹಳದಿ. ನಮ್ಮವಳು ನಡುಗೆರೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡಳು. ಡ್ರೈವರ್ ಕಾರಿನಿಂದ ಇಳಿಯಲಿಲ್ಲ.

ಅವನು ಇಳಿದದ್ದು ಚುವಾಂಗ್ ಸನ್ ಸ್ಮಶಾನದಲ್ಲಿ. ಉತ್ತರದಿಂದ ಕಾಡಿನ ದಾರಿಯಲ್ಲಿ ಬಂದು ಸತ್ತ ಸೈನಿಕರ ಗೋರಿಗಳು, ಹತ್ತು ಸಾವಿರಕ್ಕೂ ಹೆಚ್ಚು. ಗುಡ್ಡದ ಮೇಲೆ ಸಾಲು ಸಾಲು. ಡಿಕ್ಕಿಯಿಂದ ಊದುಬತ್ತಿಯ ಕಟ್ಟು ತೆಗೆದು, ಹೆಸರಿಲ್ಲದ ಗೋರಿಗಳಿಗೆ ಮಾತ್ರ ಒಂದೊಂದು ಸಿಕ್ಕಿಸುತ್ತಾ ಹೋದ. ಕಲ್ಲಿನ ಮೇಲೆ ಏನೋ ಬರೆದಿತ್ತು. ‘ಹೆಸರು ಗೊತ್ತಿಲ್ಲ’ ಅಂತಲಾ ಎಂದು ಕೇಳಿದೆ. ತಲೆ ಅಲ್ಲಾಡಿಸಿ ಒಂದು ಪದದ ಮೇಲೆ ಬೆರಳಿಟ್ಟ. ‘ಚುವಾ’. ಅಂದರೆ ‘ಇನ್ನೂ ಇಲ್ಲ’. ಹೆಸರು ಇನ್ನೂ ಗೊತ್ತಾಗಿಲ್ಲ. ದೇಶದಲ್ಲಿ ಹೀಗೆ ಸುಮಾರು 3 ಲಕ್ಷ ಸೈನಿಕರ ಗೋರಿಗಳಿವೆಯಂತೆ. ಮೂಳೆಯೂ ಸಿಗದವರು ಬೇರೆ.

‘ನಿಮ್ಮವರು ಯಾರಾದರೂ ಇಲ್ಲಿದ್ದಾರಾ?’

ತುಂಬ ಹೊತ್ತು ಫೋನಿನಲ್ಲಿ ಬರೆದ. ಅವನ ಸೋದರಮಾವ 1954ರಲ್ಲಿ ಕಾಮ್ ಲೊದ ಮನೆಯಿಂದ ಉತ್ತರಕ್ಕೆ ಹೋದವನು. ಎರಡು ವರ್ಷಕ್ಕೆಂದು ಹೋದದ್ದು. ಆಮೇಲೆ ಸೈನ್ಯ ಸೇರಿ ದಕ್ಷಿಣಕ್ಕೆ ಹೊರಟನಂತೆ, ಅಷ್ಟೇ ಗೊತ್ತು. ಯುದ್ಧ ಮುಗಿದ ಮೇಲೆ ಬಂದದ್ದು ಹುತಾತ್ಮ ಎಂಬ ಒಂದು ಪತ್ರ. ದೇಹವೂ ಇಲ್ಲ, ಸತ್ತ ದಿನವೂ ಇಲ್ಲ. ಮನೆಯಿಂದ ದೂರ ಸತ್ತವನ ಜೀವ ಹಸಿದು ಅಲೆಯುತ್ತದೆ ಎಂದು ಅವರ ನಂಬಿಕೆ. ತಿಥಿ ಮಾಡದೆ ಇರುವ ಹಾಗಿಲ್ಲ. ಹಾಗಾಗಿ ಅವನು ಮನೆ ಬಿಟ್ಟು ಹೋದ ದಿನವೇ ತಿಥಿ ಮಾಡುತ್ತಾರೆ.

‘ಯಾರು ಮಾಡೋದು?’ ಎಂದಳು ನಮ್ಮವಳು. ಇಂಥ ವಿಷಯ ಅವಳಿಗೇ ಹೊಳೆಯುವುದು.

‘ಅಪ್ಪ.’

ಅಪ್ಪ ದಕ್ಷಿಣದ ಸೈನ್ಯದಲ್ಲಿದ್ದವರು. 1975ರ ಏಪ್ರಿಲ್‌ನಲ್ಲಿ ದಕ್ಷಿಣದ ರಾಜಧಾನಿ ಸೈಗಾನ್ ಬಿದ್ದ ಮೇಲೆ, ಗೆದ್ದವರ ‘ಮರುಶಿಕ್ಷಣ’ದ ಶಿಬಿರದಲ್ಲಿ ಕೈದಿಯಾಗಿ ಮೂರು ವರ್ಷ. ಅವರ ಯೂನಿಫಾರ್ಮಿನ ಫೋಟೋಗಳನ್ನೆಲ್ಲ ಅಮ್ಮ ಒಲೆಗೆ ಹಾಕಿದಳು. ಮದುವೆಯ ಫೋಟೋವನ್ನೂ. ಮದುವೆಗೆ ಅವರು ಯೂನಿಫಾರ್ಮಿನಲ್ಲೇ ಬಂದಿದ್ದರಲ್ಲ. ಅಕ್ಕ ಓದಿನಲ್ಲಿ ಮುಂದಿದ್ದಳು. ಆದರೆ ಕಾಲೇಜಿನ ಅರ್ಜಿಯಲ್ಲಿ ಮನೆತನದ ವಿವರ ಕೊಡಬೇಕಿತ್ತು, ಅಪ್ಪ ಮೊದಲು ಏನಾಗಿದ್ದರು ಅಂತ. ಸೀಟು ಸಿಗಲಿಲ್ಲ.

‘ಮಾವ ಕಾಡಿನಿಂದ ಇಳಿದು ಬರುವಾಗ ನಿಮ್ಮಪ್ಪ ಇದೇ ಕಡೆ ಸೈನ್ಯದಲ್ಲಿದ್ದರಾ?’ ನಾನು ಕೇಳಬಾರದಿತ್ತು.

‘ಇದ್ದರು’ ಎಂದು ಬರೆದು ಫೋನು ಜೇಬಿಗೆ ಹಾಕಿಕೊಂಡ.

ವಾಪಸ್ ಬರುವಾಗ, ಕಾಮ್ ಲೊದಲ್ಲಿ ಮನೆಗೆ ಬಂದು ಚಹಾ ಕುಡಿದು ಹೋಗಿ ಎಂದ. ಕಾರಿನಿಂದ ಇಳಿದವನಿಗೆ ಮೊದಲು ಕಂಡದ್ದು ಮೆಣಸಿನ ಬಳ್ಳಿ. ಹಲಸಿನ ಮರಕ್ಕೆ ಹಬ್ಬಿಸಿದ್ದರು! ನನ್ನ ಕೆಲಸವೇ ಅದಲ್ವಾ. ನಮ್ಮಲ್ಲಿ ಅಡಿಕೆ ಮರಕ್ಕೆ ಬಿಡುತ್ತೇವೆ, ಅಷ್ಟೇ ವ್ಯತ್ಯಾಸ. ಎಲೆ ಮುಟ್ಟಿ ನೋಡಿದೆ. ಅಲ್ಲೂ ಸೊರಗು ರೋಗ ಇದೆ. ಡ್ರೈವರ್‌ನ ಅಪ್ಪ, ಎಂಬತ್ತರ ಮುದುಕರು, ನಾನು ಎಲೆ ಮಗುಚಿ ಹಿಂಭಾಗ ನೋಡುವುದನ್ನು ಕಂಡು ನಕ್ಕರು. ಇಷ್ಟಕ್ಕೆ ಅನುವಾದ ಬೇಕಾಗಲಿಲ್ಲ.

ಹೊಸ ಬಳ್ಳಿಗೆ ಗುಂಡಿ ತೋಡುತ್ತಿದ್ದರು. ಕುಕ್ಕರುಗಾಲಿನಲ್ಲಿ ಕೂತು, ಸಣ್ಣ ಕೈಗುದ್ದಲಿಯಿಂದ ಮಣ್ಣನ್ನು ಓರೆಯಾಗಿ ಕೆರೆಯುವುದು, ಕೈಯಿಂದ ಬಳಿದು ತೆಗೆಯುವುದು, ಮತ್ತೆ ಕೆರೆಯುವುದು. ಹೀಗೆ ತೋಡಿದರೆ ನಮ್ಮಲ್ಲಿ ದಿನಕ್ಕೆ ಎರಡು ಗುಂಡಿಯೂ ಆಗದು. ವಯಸ್ಸಾಗಿದೆ, ಪಾಪ, ಎಂದುಕೊಂಡೆ. ಗೋಡೆಗೆ ಒರಗಿಸಿದ್ದ ದೊಡ್ಡ ಗುದ್ದಲಿ ತೆಗೆದುಕೊಂಡು, ‘ಬಾಕ್, ನಾನು ತೋಡಿಕೊಡ್ತೀನಿ’ ಎಂದೆ. ಬಾಕ್ ಅಂದರೆ ದೊಡ್ಡಪ್ಪ. ಗುದ್ದಲಿ ಹೆಗಲ ಮೇಲಕ್ಕೆ ಎತ್ತಿದ್ದೆ ಅಷ್ಟೇ. ಮುದುಕರು ಎದ್ದು ನನ್ನ ಮುಂಗೈ ಹಿಡಿದರು. ಆ ವಯಸ್ಸಿಗೆ ಆ ಬಿಗಿ! ಉಗುರು ನಾಟಿತು. ಮುಖದಲ್ಲಿ ನಗು ಇರಲಿಲ್ಲ.

ಮಗ ಓಡಿ ಬಂದ. ಈ ಕಡೆ ನೆಲದಲ್ಲಿ ಸಿಡಿಯದೆ ಉಳಿದ ಬಾಂಬು ಇನ್ನೂ ಇವೆ. ಯುದ್ಧ ಮುಗಿದ ಮೇಲೂ ದೇಶದಲ್ಲಿ ಇವುಗಳಿಂದ ಸತ್ತವರು ಸುಮಾರು 40 ಸಾವಿರ. ಚೆಂಡಿನಂಥ ಸಣ್ಣ ಬಾಂಬುಗಳನ್ನು ಮಕ್ಕಳು ಆಟದ ಸಾಮಾನು ಎಂದುಕೊಳ್ಳುತ್ತವೆ. ಈಗ ಫೋನು ಮಾಡಿದರೆ ತಂಡದವರು ಬಂದು ತೆಗೆದುಕೊಂಡು ಹೋಗುತ್ತಾರೆ. ಇವರ ತೋಟವನ್ನೂ ಯಂತ್ರ ಹಿಡಿದು ಹುಡುಕಿ, ಏನೂ ಇಲ್ಲ ಎಂದು ಹೇಳಿ ಹೋಗಿ ಎಷ್ಟೋ ವರ್ಷವಾಯಿತಂತೆ.

‘ಮತ್ತೆ?’

‘ಅಪ್ಪನಿಗೆ ಗೊತ್ತು, ಇಲ್ಲ ಅಂತ. ಕೈಗೆ ಗೊತ್ತಿಲ್ಲ.’ ಇದನ್ನು ಫೋನು ಹೇಳಿತೋ, ಅವನೇ ಹೇಳಿದನೋ, ನೆನಪಿಲ್ಲ. ಚಿಕ್ಕವರಿದ್ದಾಗ ತೋಟದಲ್ಲಿ ಗುದ್ದಲಿ ಕಲ್ಲಿಗೆ ತಾಗಿ ಟಣ್ ಎಂದರೆ ಮನೆಯವರೆಲ್ಲ ಇದ್ದಲ್ಲೇ ನಿಲ್ಲುತ್ತಿದ್ದರು. ಅಡುಗೆಮನೆಯಲ್ಲಿ ಅಮ್ಮನೂ. ಅವನು ಈಗಲೂ ನಿಲ್ಲುತ್ತಾನಂತೆ. ಅವನ ಮಗಳು ನಗುತ್ತಾಳೆ.

ಚಹಾ ಬಂತು. ಒಳಗಿನ ಗೋಡೆಯ ಮೇಲೆ ಮಾವನ ಹುತಾತ್ಮ ಪತ್ರ, ಕೆಂಪು ಚೌಕಟ್ಟಿನಲ್ಲಿ. ಅದರ ಗಾಜನ್ನು ಯಾರೋ ಆಗಷ್ಟೇ ಒರೆಸಿದ ಹಾಗಿತ್ತು.

ಮುದುಕರು ಮತ್ತೆ ಗುಂಡಿಯ ಹತ್ತಿರ ಕೂತರು. ಅದು ಮುಗಿಯಲು ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿವರೆಗೆ ಬಳ್ಳಿಯ ಬೇರಿಗೆ ಬಿಸಿಲು ತಾಗದ ಹಾಗೆ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.