ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುತ್ತಾ?

ಮಳೆಗಾಲದಲ್ಲಿ ಹುಬ್ಬಳ್ಳಿ ಕಡೆ ಡೆಂಗಿ ಸುದ್ದಿ ಬಂದರೆ ಸಾಕು, ಕಾಲೇಜಿನ ಮಕ್ಕಳು ಕೇಳುತ್ತಾರೆ: "ಸರ್, ಸೊಳ್ಳಿ ಕಡದ್ರ ಎಚ್‌ಐವಿನೂ ಬರ್ತದೇನ್ರಿ?" ಓಣಿಯ ಹಿರಿಯರೂ ಕೇಳಿದ್ದಾರೆ.

ಬರುವುದಿಲ್ಲ. ಆದರೆ ಸುಮ್ನೆ ಇಲ್ಲ ಅಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ಕಾರಣವನ್ನೂ ಹೇಳುತ್ತೇನೆ.

ವೈರಸ್ ತಾನೇ ತಾನಾಗಿ ಬೆಳೆಯಲಾರದು. ಯಾವುದಾದರೂ ಜೀವಕೋಶದ ಒಳಗೆ ಹೋಗಲೇಬೇಕು. ಅದಕ್ಕೆ ಕೋಶದ ಪೊರೆಯ ಮೇಲೆ ತಕ್ಕ ಪ್ರೋಟೀನ್ ಸಿಗಬೇಕು. ಎಚ್‌ಐವಿಗೆ ಬೇಕಾದದ್ದು ಸಿಡಿ4. ಎಚ್‌ಐವಿಗೆ ಗುಳಿಗೆ ಕೊಡುವ ಎಆರ್‌ಟಿ ಸೆಂಟರ್‌ನಲ್ಲಿ ಸಿಡಿ4 ಎಷ್ಟಿದೆ ಅಂತ ನೋಡುತ್ತಾರಲ್ಲ, ಅದು ಈ ಪ್ರೋಟೀನ್ ಹೊತ್ತ ಬಿಳಿ ರಕ್ತಕಣಗಳ ಲೆಕ್ಕ. ಅದರ ಜೊತೆ ಸಿಸಿಆರ್5 ಅಥವಾ ಸಿಎಕ್ಸ್‌ಸಿಆರ್4 ಎಂಬ ಇನ್ನೊಂದು ಪ್ರೋಟೀನ್ ಕೂಡ ಇರಬೇಕು. ಸೊಳ್ಳೆಯ ಕೋಶಗಳಲ್ಲಿ ಇಂಥ ಹಿಡಿಕೆ ಇಲ್ಲ. ಹಾಗಾಗಿ ಹೀರಿದ ರಕ್ತದ ಜೊತೆ ಎಚ್‌ಐವಿಯೂ ಅದರ ಹೊಟ್ಟೆಯಲ್ಲೇ ಅರಗಿಹೋಗುತ್ತದೆ. ಡೆಂಗಿ ವೈರಸ್ ಸೊಳ್ಳೆಯ ಕರುಳಲ್ಲಿ ಬೆಳೆದು ಜೊಲ್ಲಿಗೆ ಬರುತ್ತದೆ. ಕಚ್ಚುವಾಗ ಸೊಳ್ಳೆ ನಮ್ಮೊಳಗೆ ಬಿಡುವುದು ಜೊಲ್ಲನ್ನು, ಹಿಂದಿನವರ ರಕ್ತವನ್ನಲ್ಲ.

ಮನುಷ್ಯರಲ್ಲೂ ಸಿಸಿಆರ್5 ಜೀನ್‌ನಲ್ಲಿ ಡಿಎನ್‌ಎಯ 32 ಅಕ್ಷರ ಬಿಟ್ಟುಹೋದವರಿದ್ದಾರೆ, ಹೆಚ್ಚಾಗಿ ಯುರೋಪ್ ಮೂಲದವರು. ತಂದೆ ತಾಯಿ ಇಬ್ಬರಿಂದಲೂ ಆ ಜೀನ್ ಪಡೆದವರಿಗೆ ಎಚ್‌ಐವಿ ತಗಲುವುದು ತೀರಾ ಅಪರೂಪ. ಎಚ್‌ಐವಿ ಜೊತೆ ರಕ್ತದ ಕ್ಯಾನ್ಸರ್ ಕೂಡ ಆಗಿದ್ದ ಟಿಮೊಥಿ ರೇ ಬ್ರೌನ್ ಎಂಬವರಿಗೆ 2007ರಲ್ಲಿ ಬರ್ಲಿನ್‌ನಲ್ಲಿ ಅಂಥ ದಾನಿಯ ಸ್ಟೆಮ್ ಸೆಲ್ ಹಾಕಿದರು. ಎಚ್‌ಐವಿ ಮರಳಿ ಬರಲಿಲ್ಲ.

ಇನ್ನೊಂದು ಪ್ರೋಟೀನ್ ನನಗೆ ಜಾಸ್ತಿ ಇಷ್ಟ. ಅದು ಟೆಥರಿನ್. ಹೊಸ ವೈರಸ್ ಕೋಶದಿಂದ ಹೊರಗೆ ಬರುವಾಗ ಇದು ಅದನ್ನು ಪೊರೆಗೇ ಬಿಗಿಹಿಡಿಯುತ್ತದೆ, ಗೂಟಕ್ಕೆ ಕಣ್ಣಿ ಹಾಕಿ ಕಟ್ಟಿದ ಕರುವಿನ ಹಾಗೆ. ಇದು ಗೊತ್ತಾದದ್ದು 2008ರಲ್ಲಿ. ಆದರೆ ಎಚ್‌ಐವಿ ವಿಪಿಯು ಎಂಬ ತನ್ನ ಪ್ರೋಟೀನ್ ಬಳಸಿ ಆ ಕಣ್ಣಿಯನ್ನೇ ತೆಗೆಸಿಬಿಡುತ್ತದೆ. ಪಾಠದಲ್ಲಿ ಇಲ್ಲಿಗೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮ ಮೈ ಎಷ್ಟು ಹೋರಾಡಿದೆ, ಅಲ್ವಾ?

ಹೋದ ವರ್ಷ ಪರಿಚಯದ ಮನೆಯೊಂದರಲ್ಲಿ ಎಚ್‌ಐವಿ ಇರುವ ಸೊಸೆಯನ್ನು ಸೊಳ್ಳೆಯ ಹೆದರಿಕೆಗೆ ಹಿತ್ತಲ ಕೋಣೆಯಲ್ಲಿ ಮಲಗಿಸುತ್ತಿದ್ದರು. ಕೂತು ಇದನ್ನೆಲ್ಲ ಹೇಳಿದೆ. ಅತ್ತೆ ತುಸು ಹೊತ್ತು ಸುಮ್ಮನಿದ್ದು, "ಹಂಗಾರ ಅಕಿ ನಮ್ಮ ಕೂಡ ಪಡಸಾಲ್ಯಾಗ ಮಲಗಬಹುದೇನ್ರಿ?" ಅಂದರು. ಮಲಗಲಿ, ದಿನದ ಗುಳಿಗೆ ಮಾತ್ರ ತಪ್ಪದಂತೆ ನೋಡಿಕೊಳ್ಳಿ ಅಂದೆ. ಡೆಂಗಿ ಇದೆ, ಪರದೆ ಎಲ್ಲರಿಗೂ ಕಟ್ಟಿ ಅಂತಲೂ ಹೇಳಿದೆ.