ತುಕಾರಾಂ ಹೆಸರಿನ ಜೇಡ

ಬೆಳಿಗ್ಗೆ ಕಿಟಕಿ ಸರಳಿನ ಮೇಲೆ ಪುಟ್ಟದೊಂದು ಜಿಗಿಯುವ ಜೇಡ ಕೂತಿತ್ತು. ಮಗಳು ಪೊರಕೆ ತರೋಕೆ ಓಡಿದಳು. ಬೇಡ ಪುಟ್ಟಿ, ಬಿಟ್ಟುಬಿಡು ಅಂದೆ.

ಇಂಥದ್ದೇ ಒಂದು ಜೇಡಕ್ಕೆ ಪೊಲೀಸ್ ಒಬ್ಬರ ಹೆಸರಿದೆ, ಗೊತ್ತಾ? ಐಸಿಯಸ್ ತುಕಾರಾಮಿ. ಮಹಾರಾಷ್ಟ್ರದಲ್ಲಿ ಸಿಕ್ಕಿದ ಹೊಸ ಜೇಡಕ್ಕೆ 2021ರಲ್ಲಿ ಸಂಶೋಧಕರು ಇಟ್ಟ ಹೆಸರು. ಮುಂಬೈ ಪೊಲೀಸ್ ಎಎಸ್‌ಐ ತುಕಾರಾಂ ಓಂಬ್ಳೆ ಅವರ ನೆನಪಿಗೆ.

2008ರ ನವೆಂಬರ್ 26, ಮುಂಬೈ ಮೇಲೆ ಉಗ್ರರು ದಾಳಿ ಮಾಡಿದ ಆ ರಾತ್ರಿ. ಗಿರ್‌ಗಾಂವ್ ಚೌಪಾಟಿ. ಕಾರಿನಲ್ಲಿ ಬಂದ ಉಗ್ರ ಕಸಬ್ ಹತ್ತಿರ ಎಕೆ-47. ಇವರ ಹತ್ತಿರ ಬರೀ ಲಾಠಿ. ಮುನ್ನುಗ್ಗಿ ಬಂದೂಕಿನ ನಳಿಕೆಯನ್ನೇ ಹಿಡಿದುಬಿಟ್ಟರು. ಗುಂಡು ಮೈಗೆ ಹೊಕ್ಕರೂ ಬಿಡಲಿಲ್ಲ.

ಗುಂಡು ಹಾರುವಾಗ ನಳಿಕೆ ಸುಡುತ್ತೆ ಅಲ್ವಾ? ಬರಿಗೈಯಲ್ಲಿ ಹೇಗೆ ಹಿಡಿದಿದ್ದರೋ. ಇವತ್ತೆಲ್ಲ ಅದೇ ಯೋಚನೆ.

ಜೊತೆಯಲ್ಲಿದ್ದ ಪೊಲೀಸರು ಬದುಕಿದರು. ಕಸಬ್ ಜೀವಂತ ಸಿಕ್ಕಿದ. ಇಡೀ ಸಂಚು ಹೊರಬಿತ್ತು. ಓಂಬ್ಳೆ ಉಳಿಯಲಿಲ್ಲ.

ಮರುವರ್ಷ ಅಶೋಕ ಚಕ್ರ ಬಂತು. ದೊಡ್ಡ ಗೌರವವೇ. ಆದರೂ ಅಂಥ ರಾತ್ರಿ ಆ ಮನುಷ್ಯನ ಕೈಗೆ ಲಾಠಿಗಿಂತ ಜಾಸ್ತಿ ಏನಾದರೂ ಕೊಟ್ಟು ಕಳಿಸಬೇಕಿತ್ತು ಅನ್ನೋ ಸಂಕಟ ನನಗೆ ಇನ್ನೂ ಹೋಗಿಲ್ಲ.